ಆಟದ ಚೆಂಡು ಕಲಿಸಿದ ರಸಾಯನಶಾಸ್ತ್ರ



ನಿಮ್ಮ ಹೈಸ್ಕೂಲಿನ ವಿಜ್ಞಾನ ತರಗತಿಯಲ್ಲಿ ಬಣ್ಣದ ಚೆಂಡು, ಕಡ್ಡಿಗಳಿರುವ ಡಬ್ಬಿಯನ್ನು ನೋಡಿರಬಹುದು. ಕಪ್ಪು ಚೆಂಡು ಕಾರ್ಬನ್, ಬಿಳಿ ಹೈಡ್ರೋಜನ್, ಕೆಂಪು ಆಕ್ಸಿಜನ್, ನೀಲಿ ನೈಟ್ರೋಜನ್, ಹಸಿರು ಕ್ಲೋರಿನ್. ಪರಮಾಣುಗಳಿಗೆ ನಿಜವಾಗಿ ಇಂಥ ಬಣ್ಣಗಳಿಲ್ಲ. ಹಾಗಾದರೆ ಇವು ಎಲ್ಲಿಂದ ಬಂದವು? ಇದರ ಹಿಂದೆ ಒಬ್ಬ ಮೇಷ್ಟ್ರ ಕಥೆಯಿದೆ.

ಆಗಸ್ಟ್ ವಿಲ್‌ಹೆಲ್ಮ್ ಹಾಫ್‌ಮನ್ ಜರ್ಮನಿಯವರು. 1845ರಲ್ಲಿ ಲಂಡನ್ನಿಗೆ ಬಂದು, ಆಗಷ್ಟೇ ಶುರುವಾಗಿದ್ದ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದರು. ನಮ್ಮ ಹಾಗೆಯೇ ಊರು ಬಿಟ್ಟು ಬಂದು, ಇನ್ನೊಂದು ಭಾಷೆಯಲ್ಲಿ ಕೆಲಸ ಮಾಡಿದವರು.

ಒಂದು ಪರಮಾಣು ಎಷ್ಟು ಪರಮಾಣುಗಳ ಕೈ ಹಿಡಿಯಬಲ್ಲದು ಎಂಬ ಲೆಕ್ಕ ಆಗ ಹೊಸದು. ಅದನ್ನೇ ಈಗ ವೇಲೆನ್ಸಿ ಎನ್ನುತ್ತೇವೆ. ಕಣ್ಣಿಗೆ ಕಾಣದ ಈ ಸಂಗತಿಯನ್ನು ಸಾಮಾನ್ಯ ಜನರಿಗೆ ಹೇಳುವುದು ಹೇಗೆ? ಇಂಗ್ಲೆಂಡಿನಲ್ಲಿ ಆಗ ಕ್ರೋಕೆ ಆಟದ ಭರಾಟೆ. ಹುಲ್ಲಿನ ಮೇಲೆ ಮರದ ಸುತ್ತಿಗೆಯಿಂದ ಚೆಂಡು ಹೊಡೆದು, ನೆಲಕ್ಕೆ ನೆಟ್ಟ ಕಮಾನುಗಳ ನಡುವೆ ತೂರಿಸುವ ಆಟ ಅದು. 1865ರ ಏಪ್ರಿಲ್ 7ರ ಶುಕ್ರವಾರ ಸಂಜೆ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಉಪನ್ಯಾಸಕ್ಕೆ ಹಾಫ್‌ಮನ್ ಅಂಥ ಚೆಂಡುಗಳನ್ನೇ ತಂದರು. ಅವಕ್ಕೆ ಬಣ್ಣ ಬಳಿದು ಲೋಹದ ಕಡ್ಡಿ ಸಿಕ್ಕಿಸಿದ್ದರು. ಹೈಡ್ರೋಜನ್, ಕ್ಲೋರಿನ್‌ಗೆ ಒಂದೊಂದು ಕೈ, ಆಕ್ಸಿಜನ್‌ಗೆ ಎರಡು, ನೈಟ್ರೋಜನ್‌ಗೆ ಮೂರು, ಕಾರ್ಬನ್‌ಗೆ ನಾಲ್ಕು. ಅಂದಿನ ಆ ಐದು ಬಣ್ಣಗಳೇ ಇಂದಿಗೂ ನಿಮ್ಮ ಡಬ್ಬಿಯಲ್ಲಿವೆ.

ಆದರೆ ಆ ಮಾದರಿಯಲ್ಲಿ ಒಂದು ತಪ್ಪಿತ್ತು. ಅದನ್ನು ನೀವೇ ಹಿಡಿಯಬಹುದು. ಬೇಕಾದದ್ದು ಚಪಾತಿ ಹಿಟ್ಟಿನ ಒಂದು ಪುಟ್ಟ ಉಂಡೆ, ನಾಲ್ಕು ಟೂತ್‌ಪಿಕ್, ನೆನೆಸಿದ ಎರಡು ಕಡಲೆಕಾಳು, ಎರಡು ಹಸಿರು ದ್ರಾಕ್ಷಿ. ಉಂಡೆ ಕಾರ್ಬನ್, ಕಡಲೆ ಹೈಡ್ರೋಜನ್, ದ್ರಾಕ್ಷಿ ಕ್ಲೋರಿನ್. ಹಾಫ್‌ಮನ್ನರ ಮಾದರಿ ಚಪ್ಪಟೆಯಾಗಿತ್ತು. ಹಾಗೆಯೇ ತಟ್ಟೆಯ ಮೇಲೆ ಉಂಡೆಗೆ ನಾಲ್ಕೂ ಕಡ್ಡಿಗಳನ್ನು ಕೂಡಿಸುವ ಚಿಹ್ನೆಯಂತೆ ಚುಚ್ಚಿ. ದ್ರಾಕ್ಷಿಗಳನ್ನು ಅಕ್ಕಪಕ್ಕ ಇಡಬಹುದು, ಎದುರುಬದುರೂ ಇಡಬಹುದು. ಎಷ್ಟು ತಿರುಗಿಸಿದರೂ ಒಂದು ಇನ್ನೊಂದಾಗದು. ಅಂದರೆ ಡೈಕ್ಲೋರೋಮೀಥೇನ್ ಎಂಬ ಈ ವಸ್ತು ಎರಡು ಬಗೆಯದಾಗಿರಬೇಕಿತ್ತು. ಆದರೆ ರಸಾಯನ ವಿಜ್ಞಾನಿಗಳಿಗೆ ಸಿಕ್ಕಿದ್ದು ಒಂದೇ ಬಗೆ!

ಈಗ ಮೂರು ಕಡ್ಡಿಗಳನ್ನು ಮುಕ್ಕಾಲಿಯ ಕಾಲುಗಳಂತೆ ಕೆಳಕ್ಕೆ ಹರಡಿ, ನಾಲ್ಕನೆಯದನ್ನು ಮೇಲಕ್ಕೆ ನಿಲ್ಲಿಸಿ. ದ್ರಾಕ್ಷಿಗಳನ್ನು ಯಾವ ಎರಡು ಕಡ್ಡಿಗೆ ಚುಚ್ಚಿದರೂ, ತಿರುಗಿಸಿ ನೋಡಿದಾಗ ಆಕಾರ ಒಂದೇ.

1874ರಲ್ಲಿ ಇದನ್ನು ಹೇಳಿದವರು ಹಾಲೆಂಡಿನ ವಾಂಟ್ ಹಾಫ್. ಆಗ ಅವರ ವಯಸ್ಸು ಬರೀ 22. ಅದೇ ವರ್ಷ ಫ್ರಾನ್ಸಿನ ಲೆ ಬೆಲ್ ಕೂಡ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ವಾಂಟ್ ಹಾಫ್ ರಟ್ಟಿನಲ್ಲಿ ಪುಟ್ಟ ಪಿರಮಿಡ್‌ಗಳನ್ನು ಮಾಡಿ ಬೇರೆ ವಿಜ್ಞಾನಿಗಳಿಗೆ ಕಳುಹಿಸಿದರು. ಜರ್ಮನಿಯ ಹಿರಿಯ ವಿಜ್ಞಾನಿ ಕೋಲ್ಬೆ 1877ರಲ್ಲಿ ಇದೆಲ್ಲ ಬರೀ ಕಲ್ಪನೆಯೆಂದು ಕಟುವಾಗಿ ಹೀಗಳೆದರು. ಆದರೆ 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನ, ಬೇರೆ ಸಂಶೋಧನೆಗಾಗಿ, ವಾಂಟ್ ಹಾಫ್ ಅವರಿಗೇ ಬಂತು. ಅವರ ಪಿರಮಿಡ್ ಇಂದು ಪ್ರತಿ ಹೈಸ್ಕೂಲ್ ಪುಸ್ತಕದಲ್ಲೂ ಇದೆ.

ಪೋಷಕರೇ, ಮೀಥೇನ್ ಅಂದರೆ ಸಿಎಚ್4 ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ಆ ಅಕ್ಷರಗಳನ್ನು ನೂರು ಸಲ ಬರೆದರೂ ಹಾಫ್‌ಮನ್ನರ ತಪ್ಪು ಕಾಣುವುದಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿದರೆ ಮಗುವಿಗೂ ಕಾಣುತ್ತದೆ. ಆದ್ದರಿಂದ ಮಗ ಅಥವಾ ಮಗಳು ಚಪಾತಿ ಹಿಟ್ಟು ಕೇಳಿಕೊಂಡು ಬಂದರೆ, "ಆಟ ಸಾಕು, ಓದಿಕೋ" ಅನ್ನಬೇಡಿ. ಒಂದು ಉಂಡೆ ಕೊಟ್ಟು, ನೀವೂ ಜೊತೆಗೆ ಕೂತುಕೊಳ್ಳಿ.

ಮಕ್ಕಳೇ, ಮುಂದಿನ ತರಗತಿಗೆ ನೀರು ಮತ್ತು ಅಮೋನಿಯಾ ಮಾಡಿಕೊಂಡು ಬನ್ನಿ. ಯಾವುದಕ್ಕೆ ಎಷ್ಟು ಕಡ್ಡಿ ಬೇಕು, ನೀವೇ ಹೇಳಿ!