ಮುನ್ನೂರು ರೂಪಾಯಿಯ ರಾಜಿ

1993ರ ಕಾರ್ತೀಕ ಮಾಸದ ಒಂದು ಬೆಳಗ್ಗೆ. ತಿಪಟೂರಿನಿಂದ ಅರಸೀಕೆರೆಯ ಕಡೆಗೆ ಹೊರಟಿದ್ದ ನಮ್ಮ ತಂದೆಯವರ ಹಳೆಯ ಫಿಯಟ್ ಕಾರು, ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಸೈಕಲ್ಲಿಗೆ ತಾಗಿತು. ಹುಡುಗ ಕೈಯೂರಿ ಬಿದ್ದ. ಹಾಲೆಲ್ಲ ಚೆಲ್ಲಿತು. ಚಹದಂಗಡಿಯ ಮುಂದಿದ್ದವರೆಲ್ಲ ಎದ್ದು ಬಂದರು.

"ಪೊಲೀಸು ಗಿಲೀಸು ಯಾಕೆ ಸ್ವಾಮಿ, ಇಲ್ಲೇ ಬಗೆಹರಿಸಿಕೊಳ್ಳಿ" ಎಂದರು ಹಿರಿಯರೊಬ್ಬರು. ಚಕ್ರಕ್ಕೆ ಇಷ್ಟು, ಹಾಲಿಗೆ ಇಷ್ಟು, ಮುಲಾಮಿಗೆ ಇಷ್ಟು ಎಂದು ಕೂಡಿಸಿ ಮುನ್ನೂರಕ್ಕೆ ನಿಂತರು. ಅಂಗಡಿಯ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದು ಕೊಟ್ಟರು. ಹೊಸದಾಗಿ ಮೇಷ್ಟರ ಕೆಲಸಕ್ಕೆ ಸೇರಿದ್ದ ನಾನೇ ಬರೆದೆ: "ಇನ್ನು ಮುಂದೆ ಯಾವ ತಕರಾರೂ ಇರುವುದಿಲ್ಲ." ಹುಡುಗ ಎಡಗೈಯಲ್ಲಿ ಸಹಿ ಹಾಕಿದ. ಬಲಗೈ ಏಕೆ ಬಳಸಲಿಲ್ಲವೆಂದು ನಾವ್ಯಾರೂ ಕೇಳಲಿಲ್ಲ.

ಠಾಣೆಯೆಂದರೆ ನಮ್ಮ ಜನಕ್ಕಿರುವ ಅಂಜಿಕೆ ಮೋಟಾರಿಗಿಂತ ಹಳೆಯದು. ಅಜಾಗರೂಕತೆಯಿಂದ ವಾಹನ ಓಡಿಸಿದವರಿಗೆ ಈಚಿನವರೆಗೂ ಅನ್ವಯಿಸುತ್ತಿದ್ದ ದಂಡಸಂಹಿತೆಯ 279ನೆಯ ಕಲಮು 1860ರದು. ಕುದುರೆಗಾಡಿಯ ಕಾಲದ ಕಾನೂನು! 2024ರ ಜುಲೈನಲ್ಲಷ್ಟೇ ಅದು ನ್ಯಾಯಸಂಹಿತೆಗೆ ಜಾಗ ಬಿಟ್ಟಿತು. ಮೋಟಾರಿಗೆಂದೇ ದೇಶಕ್ಕೆಲ್ಲ ಒಂದು ಕಾಯ್ದೆ ಬಂದದ್ದು 1914ರಲ್ಲಿ. 1939ರ ಕಾಯ್ದೆಯು ಪೆಟ್ಟು ತಿಂದ ದಾರಿಹೋಕನ ಸಲುವಾಗಿ ವಿಮೆಯನ್ನು ಕಡ್ಡಾಯ ಮಾಡಿದರೂ ಆ ಭಾಗ ಜಾರಿಗೆ ಬರಲು 1946ರವರೆಗೆ ಕಾಯಬೇಕಾಯಿತು. ಪರಿಹಾರಕ್ಕೆ ಬೇರೆ ನ್ಯಾಯಮಂಡಳಿಗಳ ಏರ್ಪಾಡು 1956ರ ತಿದ್ದುಪಡಿಯಿಂದ ಆಯಿತು. ಈಗಿರುವ 1988ರ ಕಾಯ್ದೆಯ 134ನೆಯ ಕಲಮು ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ, ಹೆಚ್ಚೆಂದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕೆನ್ನುತ್ತದೆ. ಜನ ರೊಚ್ಚಿಗೆದ್ದಿದ್ದರೆ ಚಾಲಕ ಅಲ್ಲಿ ನಿಲ್ಲಲಾಗದೆಂಬುದನ್ನೂ ಅದು ಒಪ್ಪುತ್ತದೆ. ಬರೆದವರು ನಮ್ಮ ರಸ್ತೆಗಳನ್ನು ಕಂಡವರೇ ಇರಬೇಕು.

ನಮ್ಮ ಮುಂದೆ ರೊಚ್ಚೂ ಇರಲಿಲ್ಲ, ಏನೂ ಇರಲಿಲ್ಲ. ಮದುವೆಯೊಂದಕ್ಕೆ ಹೊತ್ತಾಗುತ್ತಿತ್ತು, ಅಷ್ಟೆ.

ಮೂರು ವಾರದ ಮೇಲೆ ಹುಡುಗನ ತಂದೆ ವಿಳಾಸ ಕೇಳಿಕೊಂಡು ಮನೆಗೆ ಬಂದರು. ಮಣಿಕಟ್ಟಿನ ಮೂಳೆ ಮುರಿದಿತ್ತಂತೆ. ನಾಟಿ ವೈದ್ಯರ ಕಟ್ಟಿನಲ್ಲಿ ಅದು ಸೊಟ್ಟಗೆ ಕೂಡಿಕೊಂಡಿತ್ತು, ದೊಡ್ಡಾಸ್ಪತ್ರೆಗೆ ಹೋಗಬೇಕೆಂದರು. ಕಾರಿಗೆ ವಿಮೆಯಿತ್ತು, ಆದರೆ ಠಾಣೆಯಲ್ಲಿ ಒಂದು ಸಾಲಿನ ದಾಖಲೆಯೂ ಇಲ್ಲದೆ ಯಾವ ಕಂಪನಿಯನ್ನು ಒಪ್ಪಿಸುವುದು? ತಂದೆಯವರು ಕೆಟ್ಟವರಲ್ಲ, ಆದರೂ ಒಳಗಿಂದ ಆ ಹಾಳೆಯನ್ನು ತಂದು ತೋರಿಸಿದರು.

ಬಹಳ ವರ್ಷಗಳ ಮೇಲೆ ಪೌರನೀತಿಯ ಪಾಠಕ್ಕೆ ಸಿದ್ಧಳಾಗುವಾಗ, 1872ರ ಕರಾರು ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರು ಮಾಡಿದ ಕರಾರು ನಿಲ್ಲುವುದಿಲ್ಲವೆಂದು ಓದಿದೆ. 1903ರಲ್ಲೇ ಪ್ರಿವಿ ಕೌನ್ಸಿಲ್ ಅದನ್ನು ಸ್ಪಷ್ಟಪಡಿಸಿತ್ತು. ಹುಡುಗ ಒಂಬತ್ತನೆಯ ತರಗತಿಯಲ್ಲಿದ್ದ. ಅಂದರೆ ನಾನು ಬರೆದುಕೊಟ್ಟ ಹಾಳೆಗೆ ಮೂರು ಕಾಸಿನ ಬೆಲೆಯಿರಲಿಲ್ಲ. ರಾಜಿಯೇ ತಪ್ಪೆಂದು ನಾನು ಹೇಳಲಾರೆ. ಲೋಕ ಅದಾಲತ್ತಿನಲ್ಲೂ ಅಪಘಾತದ ಪ್ರಕರಣಗಳು ರಾಜಿಯಲ್ಲೇ ಮುಗಿಯುತ್ತವೆ. ಆದರೆ ಅಲ್ಲಿ ವೈದ್ಯರ ಸರ್ಟಿಫಿಕೇಟು ಮೇಜಿನ ಮೇಲಿರುತ್ತದೆ.

ಆ ದಿನ ಅವರಿಗೂ ಇದು ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ. ಹಾಳೆಯನ್ನು ಬಹಳ ಹೊತ್ತು ನೋಡಿ, ಮಡಿಸಿ, ನನ್ನ ಕೈಗೇ ಕೊಟ್ಟು, "ಅಕ್ಷರ ದುಂಡಗೆ ಚೆನ್ನಾಗಿದೆ, ತಾಯಿ" ಎಂದು ಹೇಳಿ ಮೆಟ್ಟಿಲಿಳಿದರು.