ಲೆಕ್ಕದ ಊರು, ಲೆಕ್ಕದ ಜನ

ಬೆಂಗಳೂರಿನ ಪೂರ್ವಭಾಗದಲ್ಲಿ, ಇಂದಿರಾನಗರದ ಮಗ್ಗುಲಿಗೆ, ಜೀವನ್ ಬಿಮಾ ನಗರವೆಂಬ ಬಡಾವಣೆಯಿದೆ. ಜೀವವಿಮಾ ನಿಗಮದ ವಸತಿಗಳಿಂದ ಅದಕ್ಕೆ ಆ ಹೆಸರು ಬಂದಿತು. ದೇವರ ಹೆಸರಿನ, ದೊರೆಗಳ ಹೆಸರಿನ, ದೇಶಭಕ್ತರ ಹೆಸರಿನ ಬಡಾವಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದು ಲೆಕ್ಕಾಚಾರದ ಹೆಸರನ್ನು ಹೊತ್ತ ಬಡಾವಣೆ ಅಪರೂಪ. ವಿಮೆಯೆಂದರೆ ಲೆಕ್ಕಾಚಾರವೇ ತಾನೆ?

ಆ ಲೆಕ್ಕ ಬಹಳ ಹಳೆಯದು. ಧೂಮಕೇತುವಿನಿಂದ ನಮಗೆಲ್ಲ ಪರಿಚಿತನಾದ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲೌ ಪಟ್ಟಣದ ಜನನ ಮರಣಗಳ ದಾಖಲೆಯನ್ನು ಹಿಡಿದು, ಯಾವ ವಯಸ್ಸಿನವರಲ್ಲಿ ಎಷ್ಟು ಮಂದಿ ಮುಂದಿನ ವರ್ಷವನ್ನು ಕಾಣುತ್ತಾರೆಂಬ ಪಟ್ಟಿಯನ್ನು ಕಟ್ಟಿದನು. ನಮ್ಮ ಮೈಸೂರು ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗೆ ಜೀವವಿಮೆಯ ಏರ್ಪಾಡು ಮಾಡಿತು. 1956ರಲ್ಲಿ ದೇಶದ 245 ವಿಮಾ ಸಂಸ್ಥೆಗಳು ಒಂದಾಗಿ ಜೀವವಿಮಾ ನಿಗಮವಾಯಿತು. ಇವೆಲ್ಲಕ್ಕೂ ಅಡಿಗಲ್ಲು ಒಂದೇ: ನಲವತ್ತು ವರ್ಷದ ಒಂದು ಲಕ್ಷ ಜನರಲ್ಲಿ ಈ ವರ್ಷ ಯಾರು ಹೋಗುತ್ತಾರೆಂದು ಯಾರೂ ಹೇಳಲಾರರು, ಎಷ್ಟು ಮಂದಿ ಹೋಗುತ್ತಾರೆಂದು ಸುಮಾರಾಗಿ ಹೇಳಬಹುದು. ಒಬ್ಬೊಬ್ಬರನ್ನು ನೋಡುವ ಅವಶ್ಯಕತೆ ಲೆಕ್ಕಿಗನಿಗಿಲ್ಲ.

ಆದರೆ ಈ ಲೆಕ್ಕಕ್ಕೆ ಒಂದು ಷರತ್ತುಂಟು. ಒಬ್ಬನ ಸಾವು ಪಕ್ಕದ ಮನೆಯವನ ಸಾವನ್ನು ತರಬಾರದು. ಆ ಷರತ್ತು ಮುರಿದ ದಿನ ಪಟ್ಟಿ ಕೈಕೊಡುತ್ತದೆ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಆದದ್ದು ಇದೇ. ಮೊದಲು ಇಲಿ ಬಿದ್ದಿತು, ಆಮೇಲೆ ಮನೆ ಖಾಲಿಯಾಯಿತು, ಬೀದಿ ಖಾಲಿಯಾಯಿತು. ಒಬ್ಬರು ಊರು ಬಿಟ್ಟರೆಂದು ಹತ್ತು ಮಂದಿ ಬಿಟ್ಟರು. ಮಲ್ಲೇಶ್ವರ, ಬಸವನಗುಡಿಗಳು ತುಂಬಿಕೊಂಡದ್ದರ ಹಿಂದೆ, ದಂಡಿನ ಕಡೆ ಫ್ರೇಜರ್ ಟೌನು ಮೂಡಿದ್ದರ ಹಿಂದೆ ಆ ಭಯವಿದೆ. ಸತ್ತವರ ಸಂಖ್ಯೆಯನ್ನು ಸರ್ಕಾರದ ವರದಿಗಳು ಬರೆದಿಟ್ಟವು. ಒಬ್ಬರ ನಡೆ ಮತ್ತೊಬ್ಬರ ನಡೆಯನ್ನು ಹೇಗೆ ತಿದ್ದಿತೆಂಬುದನ್ನು ಬರೆದಿಡಲು ಆಗ ಯಾವ ಗಣಿತವೂ ಇರಲಿಲ್ಲ.

1927ರಲ್ಲಿ ಕೆರ್ಮಾಕ್ ಮತ್ತು ಮೆಕೆಂಡ್ರಿಕ್ ಎಂಬ ಇಬ್ಬರು ಸಾಂಕ್ರಾಮಿಕಕ್ಕೆ ಸಮೀಕರಣಗಳನ್ನು ಬರೆದರು. ಮೆಕೆಂಡ್ರಿಕ್ ಭಾರತದ ವೈದ್ಯಕೀಯ ಸೇವೆಯಲ್ಲಿದ್ದವನು, ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ದುಡಿದವನು. ಆ ಸಮೀಕರಣಗಳು ಇಂದಿಗೂ ಉಪಯುಕ್ತ. ಆದರೆ ಅವುಗಳ ಕಣ್ಣಿಗೆ ಊರೆಂದರೆ ಕಡೆದ ಮಜ್ಜಿಗೆಯ ಗಡಿಗೆ. ಎಲ್ಲರೂ ಎಲ್ಲರೊಡನೆ ಸಮನಾಗಿ ಬೆರೆತವರು. ನಮ್ಮ ಊರು ಹಾಗಿಲ್ಲ. ಶಾಲೆಯ ಹುಡುಗ ಶಾಲೆಯಲ್ಲಿ, ಕಾರ್ಖಾನೆಯವನು ಕಾರ್ಖಾನೆಯಲ್ಲಿ, ಅಜ್ಜಿ ಮನೆಯಲ್ಲಿ. ಮೂವರೂ ಕಲೆಯುವುದು ರಾತ್ರಿಯ ಊಟಕ್ಕೆ.

ಹಾಗಾದರೆ ಒಬ್ಬೊಬ್ಬರಿಂದಲೇ ಲೆಕ್ಕ ಆರಂಭಿಸಿದರೆ? ಈ ವಿಚಾರಕ್ಕೆ ವಿದ್ವಾಂಸರು ಇಟ್ಟ ಹೆಸರಿನಲ್ಲಿ ‘ಏಜೆಂಟ್’ ಎಂಬ ಮಾತು ಬರುತ್ತದೆ. ಜೀವನ್ ಬಿಮಾ ನಗರದಲ್ಲಿ ಏಜೆಂಟ್ ಎಂದರೆ ಪಾಲಿಸಿ ಮಾಡಿಸಲು ಬರುವವರೆಂದೇ ಅರ್ಥವಾದೀತು! ಇಲ್ಲಿ ಏಜೆಂಟನೆಂದರೆ ಗಣಕಯಂತ್ರದೊಳಗಿನ ಒಬ್ಬ ಲೆಕ್ಕದ ಮನುಷ್ಯ. ಅವನಿಗೊಂದು ವಯಸ್ಸು, ಒಂದು ಮನೆ, ಒಂದೆರಡು ನಿಯಮ. ಇಂಥ ಹಲವರನ್ನು ಒಂದೆಡೆ ಬಿಟ್ಟು ಏನಾಗುತ್ತದೆಂದು ನೋಡುವುದೇ ಈ ವಿಧಾನ.

ಇದರ ಮೊದಲ ಕಥೆಗಳಲ್ಲಿ ಒಂದು ಮನಸ್ಸನ್ನು ಹಿಂಡುವಂಥದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕವು ತನ್ನದೇ ನೆಲದ ಜಪಾನೀ ಮೂಲದವರನ್ನು ಶಿಬಿರಗಳಿಗೆ ದೂಡಿತು. ಅವರಲ್ಲಿ ಜೇಮ್ಸ್ ಸಕೋಡ ಎಂಬ ಯುವಕನೂ ಒಬ್ಬ. ಶಿಬಿರದಲ್ಲಿ ಜನ ಗುಂಪಾಗುವ, ಒಡೆಯುವ ರೀತಿಯನ್ನು ಒಳಗಿನಿಂದಲೇ ಕಂಡ ಆತ, 1949ರ ತನ್ನ ಪ್ರಬಂಧದಲ್ಲಿ ಚೌಕಗಳ ಹಾಸಿನ ಮೇಲೆ ಕಾಯಿಗಳನ್ನು ನಡೆಸಿ ಅದನ್ನು ವಿವರಿಸಿದ. 1971ರಲ್ಲಿ ಅದು ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ, ಅದೇ ಪತ್ರಿಕೆಯಲ್ಲಿ, ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗನ ಲೇಖನವೂ ಬಂದಿತು. ಶೆಲ್ಲಿಂಗನ ಹೆಸರು ಜಗತ್ತಿಗೆ ಹಬ್ಬಿತು, 2005ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಸಕೋಡನನ್ನು ಬಹುಕಾಲ ಯಾರೂ ನೆನೆಯಲಿಲ್ಲ.

ಶೆಲ್ಲಿಂಗನ ಆಟವನ್ನು ನೀವು ಮನೆಯಲ್ಲಿಯೇ ಆಡಿ ನೋಡಬಹುದು. ಅವನು ನಾಣ್ಯಗಳಿಂದ ಆಡಿದ. ನಮಗೆ ಅಡಿಗೆಮನೆ ಸಾಕು. ಚದುರಂಗದ ಹಾಸೊಂದನ್ನು ಬರೆದು, ಇಪ್ಪತ್ತು ಹುಣಿಸೆಬೀಜ, ಇಪ್ಪತ್ತು ಒಣ ಅವರೆಕಾಳುಗಳನ್ನು ಮನಬಂದಂತೆ ಚೌಕಗಳಲ್ಲಿ ಹರಡಿರಿ. ಉಳಿದ ಇಪ್ಪತ್ತನಾಲ್ಕು ಚೌಕಗಳು ಖಾಲಿಯಿರಲಿ. ನಿಯಮ ಒಂದೇ: ಪ್ರತಿಯೊಂದು ಕಾಳಿಗೂ ತನ್ನ ಸುತ್ತಲಿನ ನೆರೆಯವರಲ್ಲಿ ಮೂರರಲ್ಲೊಂದು ಪಾಲಾದರೂ ತನ್ನಂಥವರಿರಬೇಕು. ಇಲ್ಲವಾದರೆ ಅದು ಹತ್ತಿರದ, ತನಗೊಪ್ಪುವ ಖಾಲಿ ಚೌಕಕ್ಕೆ ಹೋಗಲಿ. ಇದು ಅತಿಯಾದ ಆಸೆಯಲ್ಲ. ಮೂವರು ನೆರೆಯವರಲ್ಲಿ ಇಬ್ಬರು ಬೇರೆಯವರಾದರೂ ಕಾಳಿಗೆ ನೆಮ್ಮದಿಯೇ. ಆದರೂ ಕೆಲವು ಸುತ್ತುಗಳಾದ ಮೇಲೆ ನೋಡಿರಿ: ಬೀಜಗಳು ಬೀಜಗಳೊಡನೆ, ಕಾಳುಗಳು ಕಾಳುಗಳೊಡನೆ ಅಲ್ಲಲ್ಲಿ ಗುಂಪುಗೂಡಿರುವುದನ್ನು ಕಾಣುವಿರಿ. ಅಂಥ ಕೇರಿಗಳನ್ನು ಅವುಗಳಲ್ಲಿ ಒಂದೂ ಬಯಸಿರಲಿಲ್ಲ.

ಇದನ್ನು ಕಂಡ ಕೂಡಲೇ ನಮ್ಮ ಊರಿನ ಕೇರಿಗಳಿಗೆಲ್ಲ ಇದೇ ಕಾರಣವೆಂದು ತೀರ್ಮಾನಿಸಲು ಹೊರಡುವವರುಂಟು. ಅದು ಅವಸರದ ಮಾತು. 1809ರಿಂದ ಬೆಳೆದ ದಂಡು ಒಂದು ಕಡೆ, ಹಳೆಯ ಪೇಟೆ ಒಂದು ಕಡೆ ಆದದ್ದು ಆಳುವವರ ಆಜ್ಞೆಯಿಂದ. 1949ರಲ್ಲಿ ಎರಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದ್ದೂ ಕಾನೂನಿನಿಂದ. ಬಾಡಿಗೆಗೆ ಮನೆ ಕೊಡಲು ಒಲ್ಲದ ಮಾಲೀಕ ಶೆಲ್ಲಿಂಗನ ಹಾಸಿನಲ್ಲಿಲ್ಲ. ಹೀಗೂ ಆಗಬಹುದೆಂದು ಆಟ ತೋರಿಸುತ್ತದೆ. ಹೀಗೆಯೇ ಆಯಿತೆಂದು ಹೇಳಲು ಬೇರೆ ಸಾಕ್ಷಿ ಬೇಕು.

ಕಾಳುಗಳು ನಲವತ್ತಾದರೆ ಕೈ ಸಾಕು. ಲಕ್ಷಗಟ್ಟಲೆಯಾದರೆ ಯಂತ್ರ ಬೇಕು. 1996ರಲ್ಲಿ ಎಪ್‌ಸ್ಟೀನ್ ಮತ್ತು ಆಕ್ಸ್‌ಟೆಲ್ ಎಂಬವರು ಗಣಕಯಂತ್ರದೊಳಗೆ ಒಂದು ಸಕ್ಕರೆಯ ಸೀಮೆಯನ್ನೇ ಕಟ್ಟಿ, ಅಲ್ಲಿನ ಲೆಕ್ಕದ ಜನರಲ್ಲಿ ಬಡವ ಬಲ್ಲಿದ ಭೇದ ತಾನಾಗಿ ಹುಟ್ಟುವುದನ್ನು ತೋರಿಸಿದರು. 2004ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಸುಮಾರು ಹದಿನೈದು ಲಕ್ಷ ಜನರ ಪ್ರತಿರೂಪದಲ್ಲಿ ರೋಗ ಹರಡುವ ಬಗೆಯನ್ನು ಕೆಲವು ವಿಜ್ಞಾನಿಗಳು ಅಭ್ಯಾಸ ಮಾಡಿದರು.

ನಮ್ಮ ಊರಿನ ಸರದಿ ಬಂದದ್ದು 2020ರಲ್ಲಿ. ಆ ಮಾರ್ಚಿನಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವಾಯಿತು. 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ರಾಜೇಶ್ ಸುಂದರೇಶನ್, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಂದೀಪ್ ಜುನೇಜಾ ಮೊದಲಾದವರು ಕೂಡಿ ಬೆಂಗಳೂರು, ಮುಂಬಯಿಗಳೆರಡನ್ನೂ ಗಣಕಯಂತ್ರದೊಳಗೆ ಕಟ್ಟಿದರು. ಮುಂಬಯಿಯ ಆ ಸಂಸ್ಥೆಗೆ ಇದು ಹೊಸ ಹವ್ಯಾಸವಲ್ಲ. ನಿಮ್ಮ ಮನೆಯ ಹಳೆಯ ರೇಡಿಯೋದಲ್ಲಿ ಬೆಳಗುತ್ತಿದ್ದಂಥ ವಾಲ್ವುಗಳನ್ನೇ ಸಾವಿರಗಟ್ಟಲೆ ಜೋಡಿಸಿ, 1960ರಲ್ಲಿ ‘ಟಿಫ್ರ್ಯಾಕ್’ ಎಂಬ ಗಣಕಯಂತ್ರವನ್ನು ನಡೆಸಿದ ಸಂಸ್ಥೆ ಅದು.

ಅವರ ಲೆಕ್ಕದ ಬೆಂಗಳೂರಿನಲ್ಲಿ ಆಗಿನ ಮಹಾನಗರಪಾಲಿಕೆಯ 198 ವಾರ್ಡುಗಳೂ ಇದ್ದವು. ಜೀವನ್ ಬಿಮಾ ನಗರ 88ನೆಯದು, ಹಲಸೂರು 90, ಶಿವಾಜಿನಗರ 92. ಜನಗಣತಿಯಲ್ಲಿ ಕಂಡ ಪ್ರಮಾಣದಲ್ಲಿ ಪ್ರತಿ ವಾರ್ಡಿಗೂ ಮನೆಗಳು; ಮನೆಗಳಿಗೆ ಮುದುಕರು, ಮಕ್ಕಳು, ದುಡಿಯುವವರು; ಮಕ್ಕಳಿಗೆ ಶಾಲೆ, ದುಡಿಯುವವರಿಗೆ ಕೆಲಸದ ಸ್ಥಳ. ಹೀಗೆ ಒಂದು ಕೋಟಿಗೂ ಮೇಲ್ಪಟ್ಟ ಲೆಕ್ಕದ ಜನ. ದಿನಕ್ಕೆ ಹಲವು ಸಲ ಯಂತ್ರ ಒಬ್ಬೊಬ್ಬರನ್ನೂ ವಿಚಾರಿಸುತ್ತದೆ: ಇವನ ಮನೆಯಲ್ಲಿ, ಶಾಲೆಯಲ್ಲಿ, ಕೆಲಸದಲ್ಲಿ, ಬೀದಿಯಲ್ಲಿ ಸೋಂಕಿನವರು ಎಷ್ಟು ಮಂದಿ? ಇವನಿಗೆ ತಗಲುವ ಸಂಭವ ಎಷ್ಟು? ಆಮೇಲೆ ಕವಡೆ ಹಾಕಿದಂತೆ ಒಂದು ಸಂಖ್ಯೆಯನ್ನೆತ್ತಿ ತೀರ್ಪು ಕೊಡುತ್ತದೆ.

ಇಷ್ಟಾದ ಮೇಲೆ ಪ್ರಶ್ನೆಗಳು. ಶಾಲೆಗಳನ್ನು ಮಾತ್ರ ಮುಚ್ಚಿದರೆ? ವಯಸ್ಸಾದವರನ್ನು ಮನೆಯಲ್ಲಿರಿಸಿದರೆ? ರೋಗ ಹೆಚ್ಚಿದ ವಾರ್ಡಿಗಷ್ಟೇ ನಿರ್ಬಂಧ ಹಾಕಿದರೆ? ನಿಜವಾದ ಊರಿನಲ್ಲಿ ಇವುಗಳಲ್ಲಿ ಒಂದನ್ನು ಮಾತ್ರ, ಅದೂ ಒಮ್ಮೆ ಮಾತ್ರ, ಮಾಡಿ ನೋಡಬಹುದು. ಲೆಕ್ಕದ ಊರಿನಲ್ಲಿ ಎಲ್ಲವನ್ನೂ ಮೊದಲಿನಿಂದ ಮತ್ತೆ ಮತ್ತೆ ನಡೆಸಬಹುದು. ಪಂಚಾಂಗ ಗ್ರಹಣದ ಗಳಿಗೆಯನ್ನು ಹೇಳುವಂತೆ ಇದು ನಾಳೆಯನ್ನು ಹೇಳುವುದಿಲ್ಲ. ಎರಡು ದಾರಿಗಳನ್ನು ಅಕ್ಕಪಕ್ಕದಲ್ಲಿಟ್ಟು ತೂಗಲು ನೆರವಾಗುತ್ತದೆ. ಅದೂ ಸಣ್ಣ ಮಾತಲ್ಲ. ವಾರ್ಡಿಗೆ ಅಡ್ಡಗಂಬ ಕಟ್ಟಿದ ದಿನ ಆಟೋ ಓಡಿಸುವವನ, ಮನೆಗೆಲಸಕ್ಕೆ ಹೋಗುವವಳ ಅಂದಿನ ಊಟಕ್ಕೇ ಅಡ್ಡ ಬಿದ್ದಂತೆ. ಹೇಳಿದ ಮಾತನ್ನು ಎಷ್ಟು ಮನೆಯವರು ಪಾಲಿಸುತ್ತಾರೆಂಬುದಕ್ಕೂ ಯಂತ್ರದಲ್ಲಿ ಒಂದು ಅಂಕಿಯಿತ್ತು. ಆ ಅಂಕಿಯ ಹಿಂದೆ ಇದ್ದುದು ಹೆಚ್ಚಾಗಿ ಈ ಹೊಟ್ಟೆಯ ಪ್ರಶ್ನೆಯೇ.

ಮುಂಬಯಿಯ ಲೆಕ್ಕದಲ್ಲಿ ಕೊಳೆಗೇರಿಗಳನ್ನು ಬೇರೆಯಾಗಿ ಎಣಿಸಿದ್ದರು. 2020ರ ಜುಲೈಯಲ್ಲಿ ಅಲ್ಲಿನ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ನಡೆದಾಗ, ಕೊಳೆಗೇರಿಗಳಲ್ಲಿ ನೂರಕ್ಕೆ 57 ಮಂದಿಗೂ ಉಳಿದೆಡೆ 16 ಮಂದಿಗೂ ಸೋಂಕು ತಗಲಿ ಹೋಗಿದ್ದುದು ತಿಳಿಯಿತು. ಮಜ್ಜಿಗೆಯ ಗಡಿಗೆಯ ಲೆಕ್ಕ ಈ ಅಂತರವನ್ನು ಕಾಣಲಾರದು.

ಇಷ್ಟೆಲ್ಲ ಹೇಳಿದ ಮೇಲೆ ಇಲ್ಲದ್ದನ್ನೂ ಹೇಳಬೇಕು. ಆ ಲೆಕ್ಕದ ಊರಿನ ಜನ ಮನೆ, ಕೆಲಸ, ಬೀದಿಗಳ ನಡುವೆಯೇ ಇದ್ದರು. ಗಂಟು ಕಟ್ಟಿ ಊರಿಗೆ ಹೊರಡುವ ನಿಯಮವನ್ನು ಅವರಿಗೆ ಕೊಟ್ಟಿರಲಿಲ್ಲ. ನಿಜದ ಬೆಂಗಳೂರಿನಲ್ಲಿ ಅದೇ ದೊಡ್ಡ ಸಂಗತಿಯಾಯಿತು. 2020ರ ಮೇ ತಿಂಗಳ ಮೊದಲ ವಾರದಲ್ಲಿ ಕೂಲಿಕಾರರ ರೈಲುಗಳನ್ನು ಸರ್ಕಾರ ನಿಲ್ಲಿಸಿತು. ಟೀಕೆಗಳೆದ್ದ ಮೇಲೆ ಎರಡೇ ದಿನದಲ್ಲಿ ಮತ್ತೆ ಬಿಡಲೊಪ್ಪಿತು. ಅಷ್ಟರಲ್ಲಿ ನಡೆದೇ ಹೊರಟವರುಂಟು. 1898ರಲ್ಲಿ ಊರು ಬಿಟ್ಟವರನ್ನು ಬಲ್ಲ ಇತಿಹಾಸಕಾರನೊಬ್ಬ ಆ ಗಣಿತಜ್ಞರ ಪಕ್ಕದಲ್ಲಿ ಕುಳಿತಿದ್ದರೆ, ಈ ನಿಯಮವನ್ನು ಮೊದಲೇ ಕೇಳುತ್ತಿದ್ದನೋ ಏನೋ.

ಮತ್ತೊಂದು ಕೊರತೆ ಅವರ ಕೈಯಲ್ಲಿರಲಿಲ್ಲ. ಲೆಕ್ಕದ ಜನರನ್ನು ಕಟ್ಟಿದ್ದು 2011ರ ಜನಗಣತಿಯಿಂದ. ಆಗ ಪಾಲಿಕೆಯ ಜನಸಂಖ್ಯೆ ಸುಮಾರು 84 ಲಕ್ಷ. ಒಂಬತ್ತು ವರ್ಷಗಳ ಬೆಳವಣಿಗೆಯನ್ನು ಅಂದಾಜಿನಿಂದ ಹಿಗ್ಗಿಸಬೇಕಾಯಿತು. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಅದೇ ಕೋವಿಡಿನ ಕಾರಣದಿಂದ ಮುಂದೆ ಹೋಯಿತು. 2025ರಲ್ಲಿ ಸರ್ಕಾರ ಹೊರಡಿಸಿದ ಪ್ರಕಟಣೆಯಂತೆ ಅದರ ಎಣಿಕೆಯ ದಿನ 2027ರ ಮಾರ್ಚ್ 1. ಎಣಿಕೆಯವರು ನಿಮ್ಮ ಬಾಗಿಲಿಗೆ ಬಂದಾಗ ಮನೆಯಲ್ಲಿ ಎಷ್ಟು ಮಂದಿ, ಯಾರು ಕೆಲಸಕ್ಕೆ ಹೋಗುತ್ತಾರೆ ಎಂದೆಲ್ಲ ಕೇಳುತ್ತಾರೆ. ಮುಂದೆ ಯಾರಾದರೂ ಈ ಊರನ್ನು ಯಂತ್ರದೊಳಗೆ ಮತ್ತೆ ಕಟ್ಟಿದರೆ, ಅದರ ಜನ ಹುಟ್ಟುವುದು ಆ ಉತ್ತರಗಳಿಂದ.