ಜೂಲಿಯಾ: ವಿಜ್ಞಾನಿಗಳಿಗೆ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಏಕೆ ಬೇಕಾಯಿತು?

ಗೌರಿಬಿದನೂರಿನ ಬಳಿ ಬಯಲಿನಲ್ಲಿ 'ಟಿ' ಆಕಾರದಲ್ಲಿ ಸಾಲಾಗಿ ನಿಲ್ಲಿಸಿದ 1,000 ಆಂಟೆನಾಗಳು ಸೇರಿ ಒಂದೇ ರೇಡಿಯೋ ದೂರದರ್ಶಕ. ಅದು ಕೆಲಸ ಶುರುಮಾಡಿದ್ದು 1976ರಲ್ಲಿ. ಕಣ್ಣಿಟ್ಟು ನೋಡಲು ಅಲ್ಲಿ ಏನೂ ಇಲ್ಲ. ಆಂಟೆನಾಗಳಿಗೆ ಸಿಗುವುದು ಕ್ಷೀಣ ಸಂಕೇತಗಳಷ್ಟೇ. ಅವನ್ನು ಆಕಾಶದ ಚಿತ್ರವಾಗಿಸುವುದು ಲೆಕ್ಕಾಚಾರ. ಹವಾಮಾನ ಮುನ್ಸೂಚನೆಯಿಂದ ಔಷಧ ಸಂಶೋಧನೆಯವರೆಗೆ ಇಂದು ಇದೇ ಕಥೆ.

ಇಂಥ ಲೆಕ್ಕ ಮಾಡುವವರಿಗೆ ಹಳೆಯ ತಲೆನೋವೊಂದಿದೆ. ಪೈಥಾನ್ ಬರೆಯಲು ಸುಲಭ, ಆದರೆ ಒಂದೇ ಲೆಕ್ಕವನ್ನು ಕೋಟಿ ಸಲ ಮಾಡಬೇಕಾದಾಗ ನಿಧಾನ. ಸಿ, ಫೋರ್ಟ್ರಾನ್ ವೇಗದವು, ಆದರೆ ಬರೆಯುವುದು ಕಷ್ಟ. ಹಾಗಾಗಿ ಮೊದಲು ಸುಲಭದ ಭಾಷೆಯಲ್ಲಿ ಬರೆದು ನೋಡಿ, ಸರಿಯೆನಿಸಿದ ಮೇಲೆ ಅದನ್ನೇ ವೇಗದ ಭಾಷೆಯಲ್ಲಿ ಮತ್ತೆ ಬರೆಯುತ್ತಾರೆ. ಕೆಲಸ ಎರಡು ಪಟ್ಟು. ನಡುವೆ ತಪ್ಪು ನುಸುಳಿದರೆ ಹುಡುಕುವುದೂ ಕಷ್ಟ. ಇದಕ್ಕೆ 'ಎರಡು ಭಾಷೆಗಳ ಸಮಸ್ಯೆ' ಎಂದೇ ಹೆಸರು.

ಇದನ್ನು ಬಗೆಹರಿಸಲು ಹೊರಟ ಭಾಷೆ ಜೂಲಿಯಾ. ಜೆಫ್ ಬೆಜಾನ್ಸನ್, ಸ್ಟೀಫನ್ ಕಾರ್ಪಿನ್ಸ್ಕಿ, ಅಲನ್ ಎಡೆಲ್‌ಮನ್ ಮತ್ತು ವಿರಲ್ ಶಾ 2009ರಲ್ಲಿ ಕೆಲಸ ಆರಂಭಿಸಿ, 2012ರ ಫೆಬ್ರುವರಿಯಲ್ಲಿ ಇದನ್ನು ಎಲ್ಲರ ಮುಂದಿಟ್ಟರು. ಇವರಲ್ಲಿ ವಿರಲ್ ಶಾ ಆಧಾರ್ ಯೋಜನೆಯಲ್ಲಿ ದುಡಿದವರು. ನಂದನ್ ನಿಲೇಕಣಿಯವರ ಜೊತೆ ಪುಸ್ತಕವನ್ನೂ ಬರೆದಿದ್ದಾರೆ. 2015ರಲ್ಲಿ ಇವರೆಲ್ಲ ಸೇರಿ ಕಟ್ಟಿದ ಕಂಪನಿಗೆ ಬೆಂಗಳೂರಿನಲ್ಲೂ ಕಚೇರಿ ಇತ್ತು. (ಗಣಿತಜ್ಞ ಗ್ಯಾಸ್ಟನ್ ಜೂಲಿಯಾ ನೆನಪಿಗೆ ಇಟ್ಟ ಹೆಸರಿದು ಎಂದುಕೊಳ್ಳುವವರಿದ್ದಾರೆ. ಹಾಗೇನಿಲ್ಲ, ಚೆನ್ನಾಗಿದೆ ಎಂದು ಇಟ್ಟದ್ದು ಅಷ್ಟೇ.)

ಜೂಲಿಯಾದ ಗುಟ್ಟೇನು? ನಾವು ಬರೆದದ್ದನ್ನು ಅದು ಓಡಿಸುವ ಹೊತ್ತಿಗೆ, ಕೊಟ್ಟ ದತ್ತಾಂಶ ಪೂರ್ಣಾಂಕವೋ ದಶಮಾಂಶವೋ ಕೋಷ್ಟಕವೋ ನೋಡಿಕೊಂಡು, ಅದಕ್ಕೇ ಹೊಂದುವ ಯಂತ್ರಭಾಷೆಗೆ ಬದಲಿಸುತ್ತದೆ. ಬರವಣಿಗೆಯೂ ಗಣಿತಕ್ಕೆ ಹತ್ತಿರ. 'ವೇಗ = ದೂರ / ಕಾಲ' ಎಂದು ಕನ್ನಡದಲ್ಲೇ ಬರೆದರೂ, ದೂರ, ಕಾಲಗಳಿಗೆ ಬೆಲೆ ಕೊಟ್ಟಿದ್ದರೆ, ಲೆಕ್ಕ ನಡೆಯುತ್ತದೆ!

ಅಮೆರಿಕದ ಕೋರಿ ಸೂಪರ್ ಕಂಪ್ಯೂಟರಿನಲ್ಲಿ 2017ರಲ್ಲಿ ಇದು ಸಾಬೀತಾಯಿತು. ಸೆಲೆಸ್ಟೆ ಎಂಬ ಯೋಜನೆಯಲ್ಲಿ ಜೂಲಿಯಾದಲ್ಲಿ ಬರೆದ ಪ್ರೋಗ್ರಾಮು ಸುಮಾರು 18.8 ಕೋಟಿ ನಕ್ಷತ್ರ, ಗೆಲಾಕ್ಸಿಗಳ ಲೆಕ್ಕವನ್ನು 15 ನಿಮಿಷದೊಳಗೆ ಮುಗಿಸಿತು. ವೇಗ ಸೆಕೆಂಡಿಗೆ ಸುಮಾರು 1,500 ಲಕ್ಷ ಕೋಟಿ ಲೆಕ್ಕ. ಆ ಮಟ್ಟ ಅದುವರೆಗೆ ಸಿ, ಸಿ++, ಫೋರ್ಟ್ರಾನ್‌ಗಳಿಗೆ ಮಾತ್ರ ಮೀಸಲಿತ್ತು. ಮರುವರ್ಷ ಜೂಲಿಯಾದ 1.0 ಆವೃತ್ತಿ ಬಂತು, ಆಸಕ್ತಿಯೂ ಹೆಚ್ಚಿತು.

ಹಾಗಾದರೆ ಪೈಥಾನ್ ಕಾಲ ಮುಗಿಯಿತೇ? ಇಲ್ಲ. ಪೈಥಾನಿನ ನಮ್‌ಪೈಯಂಥ ಲೈಬ್ರರಿಗಳ ಒಳಗಿನ ಭಾರದ ಕೆಲಸ ಮಾಡುವುದೇ ಸಿ. ಆದ್ದರಿಂದ ಅವು ಸಾಕಾಗುವಲ್ಲಿ ಪೈಥಾನ್ ನಿಧಾನವೇನಲ್ಲ. ಇನ್ನು ಜೂಲಿಯಾ ಎಲ್ಲೆಡೆ ತಾನಾಗಿಯೇ ವೇಗ ಎನ್ನುವುದೂ ಸುಳ್ಳು. ಪ್ರತಿ ಸಲ ಶುರುವಾದಾಗ ಮೊದಲ ಓಟಕ್ಕೆ ಸಮಯ ಹಿಡಿಯುತ್ತದೆ, 2023ರ 1.9 ಆವೃತ್ತಿ ಈ ಕಾಯುವಿಕೆಯನ್ನು ಸಾಕಷ್ಟು ತಗ್ಗಿಸಿತು. ಅಜಾಗರೂಕತೆಯಿಂದ ಬರೆದರೆ ಜೂಲಿಯಾವೂ ತೆವಳುತ್ತದೆ.

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಓದುತ್ತಿರುವವರು ಯಾವುದನ್ನು ಕಲಿಯಬೇಕು? ಬೇಗ ಕೆಲಸ ಹಿಡಿಯಬೇಕಿದ್ದರೆ ಪೈಥಾನ್‌ನದೇ ಮೇಲುಗೈ. ಸಂಶೋಧನೆಯತ್ತ ಮನಸ್ಸಿದ್ದರೆ ಜೂಲಿಯಾಕ್ಕೆ ಒಂದು ತಿಂಗಳು ಕೊಡಬಹುದು. ಅದು ಉಚಿತ, ಮುಕ್ತ ತಂತ್ರಾಂಶ. ಈಗಾಗಲೇ ಗೊತ್ತಿರುವ ಪೈಥಾನ್ ಲೈಬ್ರರಿಗಳನ್ನು ಅದರ ಒಳಗಿಂದಲೇ ಬಳಸಲೂ ಸಾಧ್ಯ.